ಐವತ್ತೆರಡು ಕಿಲೋದ ಮುತ್ಯಾ

ನನ್ನ ಮೊಮ್ಮಗಳಿಗೆ ತೂಕ ಮಾಡುವ ಲೈಸೆನ್ಸ್ ಸಿಕ್ಕಿತು! ನಿನ್ನೆ ಮುಂಜಾನೆ ಯಾದಗಿರಿಯಿಂದ ಅವಳೇ ಫೋನು ಮಾಡಿ ಹೇಳಿದಳು. "ಆಯಿ, ಕಾಗದ ಕೈಗಿ ಬಂತು. ನನ್ನ ಫೋಟೋ ಹಚ್ಚ್ಯಾರ, ಠಸ್ಸೆ ಹೊಡದಾರ" ಅಂದಳು. ನಾನು ಹಂಚಿನ ಮೇಲಿನ ರೊಟ್ಟಿ ಮರೆತೆ. ರೊಟ್ಟಿ ಕರಿ ಹಿಡಿಯಿತು. ಹಿಡಿಯಲಿ. ಎದುರು ಮನೆಗೆ ಹೇಳಿದೆ, ಬಾಜೂ ಮನೆಗೆ ಹೇಳಿದೆ, ಹಿಟ್ಟಿನ ಗಿರಣಿಯವನಿಗೆ ಹೇಳಿದೆ, ಕಾಲುವೆ ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದವರಿಗೆಲ್ಲ ಹೇಳಿ ಬಂದೆ. ಕಕ್ಕೇರಾ ಕಡೆಯಿಂದ ಬಂದ ಬಸ್ಸಿನಲ್ಲಿ ಪರಿಚಯದವರು ಯಾರೋ ಕಂಡರು, ಅವರಿಗೂ ಕೂಗಿ ಹೇಳಿದೆ. ಬಸ್ಸು ಹೋಗಿಬಿಟ್ಟಿತು, ಅವರಿಗೆ ಅರ್ಧ ಕೇಳಿಸಿತೋ ಪೂರ್ತಿ ಕೇಳಿಸಿತೋ ಗೊತ್ತಿಲ್ಲ.

ಊರೂರಿನ ಕಣಕ್ಕೆ ಹೋಗಿ ರೈತರ ಚೀಲ ತೂಗುವ ಕೆಲಸ ನಮ್ಮ ಕಡೆ ಗಂಡಸರದು. ಹೆಣ್ಣುಮಗಳೊಬ್ಬಳು ಕಾಗದ ಪತ್ರ ಇಟ್ಟುಕೊಂಡು ಆ ಕೆಲಸಕ್ಕೆ ಕೂತಿದ್ದನ್ನು ನಾನಂತೂ ಕಂಡಿಲ್ಲ. ಈ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಕೇಳಬೇಕಾಗಿದ್ದವರು ಒಬ್ಬರಿದ್ದರು. ಅವರು ಈಗ ಇಲ್ಲ. ಅದಕ್ಕೇ ಇವತ್ತು ಅವರ ಬಗ್ಗೆ ಬರೆಯಲು ಕೂತಿದ್ದೇನೆ. ನಾನು ಕಲಿತದ್ದು ಎರಡನೆಯ ಇಯತ್ತೆ. ತಪ್ಪು ಬಿದ್ದಲ್ಲಿ ಮೊಮ್ಮಗಳು ತಿದ್ದುತ್ತಾಳೆ.

ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಬಲಗೈ ಹೆಬ್ಬೆರಳಿನ ಉಗುರು. ಹುಣಸೆ ಬೀಜದಷ್ಟು ದಪ್ಪ, ಅರಿಶಿನದಂಥ ಹಳದಿ, ಅಂಚಿನಲ್ಲಿ ಎಷ್ಟು ತಿಕ್ಕಿದರೂ ಹೋಗದ ಹುರಮಂಜಿನ ಕೆಂಪು. ತೂಗಿದ ಚೀಲದ ಮೇಲೆ ತೂಕ ಬರೆಯಲು ಹುರಮಂಜಿನ ಕೆಮ್ಮಣ್ಣನ್ನು ಕರಟದಲ್ಲಿ ಕಲಸಿ ಇಟ್ಟುಕೊಳ್ಳುತ್ತಿದ್ದರು. ಒಂಬತ್ತು ಉಗುರು ಕತ್ತರಿಸಿ ಅದೊಂದನ್ನು ಮಾತ್ರ ಬಿಡುತ್ತಿದ್ದರು. ಭತ್ತ ಒಣಗಿದೆಯೋ ಹಸಿ ಇದೆಯೋ ನೋಡಲು ಕಾಳನ್ನು ಆ ಉಗುರಿನಿಂದ ಗೀರುತ್ತಿದ್ದರು. ಶೇಂಗಾ ಸಿಪ್ಪೆ ಗೀರುತ್ತಿದ್ದರು, ಮೆಣಸಿನಕಾಯಿಯ ತೊಟ್ಟು ಗೀರುತ್ತಿದ್ದರು. ಒಮ್ಮೆ ನಮ್ಮ ಮನೆಗೆ ಬೀಗರು ತಂದ ಬೆಳ್ಳಿ ಕಾಲುಂಗುರವನ್ನೂ ಗೀರಿ ನೋಡಿ, ಬೀಗರೆದುರೇ "ಹೂಂ, ನಡೀತದ" ಅಂದುಬಿಟ್ಟಿದ್ದರು. ಬೀಗರ ಮುಖ ಆವತ್ತು ಸಣ್ಣದಾಗಿತ್ತು.

ಊರಿಗೆಲ್ಲ ಅವರು ತೂಕದ ಮುತ್ಯಾ, ತೂಗುವ ಅಜ್ಜ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅಣ್ಣ ಅನ್ನುತ್ತಿದ್ದೆ, ಅವರು ತಂಗಿ ಅನ್ನುತ್ತಿದ್ದರು. ರಕ್ತದ ಸಂಬಂಧವಿರಲಿಲ್ಲ. ಅವರು ತೂಗುತ್ತಿದ್ದರು, ನಾನು ತೂಗಿದ ಚೀಲದ ಬಾಯಿ ಹೊಲಿಯುತ್ತಿದ್ದೆ. ದಬ್ಬಣ, ಸುತಳಿ, ಚೀಲ. ನಮ್ಮಿಬ್ಬರ ಸಂಬಂಧ ಅಷ್ಟೇ, ಆದರೆ ಅದು ಮೂವತ್ತು ವರ್ಷ ನಡೆಯಿತು.

ಕಾಲುವೆಗೆ ನೀರು ಬರುವ ಮೊದಲು ನಮ್ಮೂರಲ್ಲಿ ತೂಗಲು ಬಹಳ ಏನೂ ಇರಲಿಲ್ಲ. ಸಜ್ಜೆ, ತೊಗರಿ, ಒಂದಿಷ್ಟು ಶೇಂಗಾ. ಆಗ ಅವರ ಹತ್ತಿರ ಮೂರು ಕೋಲು ಕಟ್ಟಿ ತೂಗುಹಾಕುವ ದೊಡ್ಡ ತಕ್ಕಡಿ ಇತ್ತು. ನಾರಾಯಣಪುರದ ನೀರು ನಮ್ಮ ಹೊಲ ಮುಟ್ಟಿದ ಮೇಲೆ ಭತ್ತ ಬಂತು, ವರ್ಷಕ್ಕೆ ಎರಡು ಬೆಳೆ ಬಂತು, ಲಾರಿಗಳು ಬಂದವು. ತಕ್ಕಡಿ ಮೂಲೆ ಸೇರಿ ಕಾಟಾ ಬಂತು. ಕಾಟಾ ಅಂದರೆ ಒಂದು ಕಬ್ಬಿಣದ ಹಲಗೆ, ಅದಕ್ಕೊಂದು ಕಂಬ, ಕಂಬದ ತಲೆಯಲ್ಲಿ ಕೆಂಪಗೆ ಹೊಳೆಯುವ ಅಂಕಿ. ಚೀಲ ಹಲಗೆಯ ಮೇಲಿಟ್ಟರೆ ಅಂಕಿ ಕುಣಿದು ಕುಣಿದು ನಿಲ್ಲುತ್ತದೆ. ನಿಂತ ಅಂಕಿಯನ್ನು ಮುತ್ಯಾ ಕೂಗುತ್ತಿದ್ದರು, ಇಡೀ ಕಣಕ್ಕೆ ಕೇಳುವಂತೆ. ಕೂಗಿದ್ದನ್ನೇ ಹುರಮಂಜಿನಲ್ಲಿ ಚೀಲದ ಮೇಲೆ ಬರೆಯುತ್ತಿದ್ದರು. ಅವರು ಬರೆದ ಅಂಕಿಯ ಕೆಳಗೇ ನನ್ನ ದಬ್ಬಣ ಓಡುತ್ತಿತ್ತು. ನನ್ನ ಎರಡನೆಯ ಇಯತ್ತೆಯಲ್ಲಿ ನಾನು ಕಲಿತದ್ದು ಒಂದರಿಂದ ಇಪ್ಪತ್ತರ ತನಕ. ಅದರಾಚೆಯ ಅಂಕಿಗಳನ್ನೆಲ್ಲ ಕಲಿತದ್ದು ಚೀಲದ ಮೇಲೆ. ಎಪ್ಪತ್ತೈದು ಹೇಗೆ ಬರೆಯುತ್ತಾರೆ ಎಂದು ನನಗೆ ಯಾವ ಮಾಸ್ತರರೂ ಹೇಳಿಕೊಟ್ಟಿಲ್ಲ.

ಅವರದೊಂದು ಪದ್ಧತಿ ಇತ್ತು. ಯಾವ ಕಣಕ್ಕೇ ಹೋಗಲಿ, ಕಾಟಾ ಇಳಿಸಿ, ನೆಲ ಸಮ ಮಾಡಿ, ಮೊದಲು ತಾವೇ ಚಪ್ಪಲಿ ಬಿಟ್ಟು, ತಲೆಯ ವಸ್ತ್ರ ತೆಗೆದು ಅದರ ಮೇಲೆ ನಿಲ್ಲುತ್ತಿದ್ದರು. ಐವತ್ತೆರಡು ಬರಬೇಕು. ಬಂದರೆ ಕೆಳಗಿಳಿದು, "ಐವತ್ತೆರಡು. ಕಾಟಾ ಖರೇ ಅದ. ತರ್ರಿ ಚೀಲ" ಎಂದು ಕೂಗುತ್ತಿದ್ದರು. ಸರಕಾರಿ ಮುದ್ರೆ ಹೊಡೆದ ಇಪ್ಪತ್ತು ಕಿಲೋದ ಕಬ್ಬಿಣದ ಕಲ್ಲು ಅವರ ಚೀಲದಲ್ಲೇ ಇರುತ್ತಿತ್ತು, ಅದನ್ನು ತೆಗೆದದ್ದು ಅಪರೂಪ. ನಾನೊಮ್ಮೆ ಕೇಳಿದೆ, "ಅಣ್ಣಾ, ಕಲ್ಲು ಇಟ್ಟು ನೋಡಬಾರದೇನು?" ಅಂತ.

"ಕಲ್ಲು ಯಾರ ಕಲ್ಲು ತಂಗಿ? ನನ್ನ ಕಲ್ಲು. ಮಂದಿ ನಂಬಬೇಕಲ್ಲ. ನಾ ನಿಂತ್ರ ಎಲ್ಲಾರೂ ನೋಡ್ತಾರ. ನಾ ನಿನ್ನೆ ಎಷ್ಟಿದ್ದೆ, ಇವತ್ತೂ ಅಷ್ಟೇ ಅದೀನಿ."

ಅದು ಖರೇ ಮಾತಾಗಿತ್ತು. ಹಬ್ಬ ಬರಲಿ, ಮದುವೆ ಊಟ ಬರಲಿ, ಜ್ವರ ಬಂದು ಹೋಗಲಿ, ಮುತ್ಯಾ ಐವತ್ತೆರಡು. ಊರ ಜನ ಅವರಿಗೆ ಊಟ ಬಡಿಸುವಾಗ ಚೇಷ್ಟೆ ಮಾಡುತ್ತಿದ್ದರು, "ಹೆಚ್ಚಿಗಿ ಬಡಸಬ್ಯಾಡ್ರಿ, ನಾಳಿ ಕಾಟಾ ಕೆಡ್ತದ" ಎಂದು.

ಮೊದಲ ಚೀಲ ತೂಗುವಾಗ ಅವರು ಒಂದು ಅನ್ನುತ್ತಿರಲಿಲ್ಲ. "ಲಾಭ" ಅನ್ನುತ್ತಿದ್ದರು. ಹಳೆಯ ತೂಕದವರೆಲ್ಲ ಹಾಗೆಯೇ. ಲಾಭ, ಎರಡು, ಮೂರು ಎಂದು ಎಣಿಕೆ ಹೋಗುತ್ತಿತ್ತು.

ಹೀಗೆ ನಡೆದು ಬಂದದ್ದು ಒಂದು ಮುಂಗಾರಿ ಭತ್ತದ ಸುಗ್ಗಿಯಲ್ಲಿ ತಪ್ಪಿತು. ಅವರ ಕಣ್ಣಿಗೆ ಪೊರೆ ಬಂದಿತ್ತು. ಯಾರಿಗೂ ಹೇಳಿರಲಿಲ್ಲ. ಬಿಸಿಲಲ್ಲಿ ಕೆಂಪು ಅಂಕಿ ಕಾಣದೆ ವಸ್ತ್ರವನ್ನು ಮರೆ ಹಿಡಿದು ನೋಡುತ್ತಿದ್ದರು. ನಾವು ಬಿಸಿಲು ಜೋರಿದೆ ಅಂದುಕೊಂಡೆವು. ಆವತ್ತು ಒಂದು ಚೀಲಕ್ಕೆ "ಎಪ್ಪತ್ತೇಳು" ಎಂದು ಕೂಗಿದರು. ಭತ್ತ ಕೊಳ್ಳಲು ಬಂದಿದ್ದ ಮುನೀಮ ಕಾಟಾದ ಪಕ್ಕದಲ್ಲೇ ನಿಂತಿದ್ದ.

"ಏ ಮುತ್ಯಾ, ಎಪ್ಪತ್ತೊಂದು ಅದ! ಆರು ಕಿಲೋ ಗಾಳಿ ತೂಗ್ತೀ ಏನು?"

ಕಣದಲ್ಲಿ ಇಪ್ಪತ್ತು ಮಂದಿ ಇದ್ದೆವು. ನನ್ನ ಕೈಯಲ್ಲಿ ದಬ್ಬಣ ನಿಂತಿತು. ಮುತ್ಯಾ ಅಂಕಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಆಮೇಲೆ ಚೀಲದ ಮೇಲೆ ಬರೆದ ಎಪ್ಪತ್ತೇಳನ್ನು ವಸ್ತ್ರದ ತುದಿಯಿಂದ ಒರೆಸಿದರು. ಹುರಮಂಜು ಒರೆಸಿದರೆ ಹೋಗುವುದಿಲ್ಲ, ಹರಡುತ್ತದೆ. ಇಡೀ ಚೀಲ ಕೆಂಪಾಯಿತು.

ಮುನೀಮ ಕೆಟ್ಟವನಲ್ಲ. ಆದರೂ ಹೇಳುವುದು ಹೇಳಿದ. "ನೋಡ್ರಿ, ಬೇರೆ ಕಡೆ ಎಲ್ಲಾ ಈಗ ಕಾಟಾದ ಸಂಗಾಟ ಚೀಟಿ ಬರ್ತದ. ಒಂದೊಂದು ಚೀಲದ ತೂಕ ಛಾಪಾ ಆಗಿ ಬರ್ತದ. ಬರೂ ವಾರ ಚೀಟಿ ಕೊಟ್ರ ನಿಮ್ಮ ಕಾಟಾ. ಇಲ್ಲಾಂದ್ರ ನಾವೇ ಕಾಟಾ ತರ್ತೀವಿ, ನಮ್ಮ ಮನಷ್ಯಾನೇ ತೂಗ್ತಾನ."

ಕೊಳ್ಳುವವರದೇ ಕಾಟಾ, ಕೊಳ್ಳುವವರದೇ ಮನುಷ್ಯ ಅಂದರೆ ಏನು ಎಂಬುದು ರೈತರಿಗೆ ಗೊತ್ತಿತ್ತು. ಮುತ್ಯಾನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಅವತ್ತು ಮನೆಗೆ ಹೋಗುವಾಗ ನನ್ನ ಹತ್ತಿರ ಒಂದೇ ಮಾತು ಆಡಿದರು. "ನಾ ಕುಂಡ್ರಲಿಲ್ಲ ಅಂದ್ರೂ ನಡೀತದ ತಂಗಿ. ಆದ್ರ ಈ ಕಾಟಾದ ಮುಂದ ಸುಳ್ಳ ಹೇಳಾಂವ ಕುಂಡ್ರಬಾರದು."

ಮೊಮ್ಮಗಳು ಆಗ ಸುರಪುರದ ಕಾಲೇಜು ಮುಗಿಸಿ ಮನೆಗೆ ಬಂದಿದ್ದಳು. ಅವಳೇ ಮುತ್ಯಾನನ್ನು ಕರೆದುಕೊಂಡು ಶಹಾಪುರಕ್ಕೆ ಹೋದಳು. ಮಧ್ಯಾಹ್ನ ಇಬ್ಬರೂ ಒಂದು ಸಣ್ಣ ಕರಿಯ ಪೆಟ್ಟಿಗೆ ಹಿಡಿದು ನಮ್ಮ ಮನೆಗೇ ಬಂದರು. ಅಂಗೈ ಅಗಲದ ಪ್ರಿಂಟರ್. ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹಿಂದೆ ಒಂದು ಕೊಂಡಿ.

"ಇದು ಮಷೀನ್ ಏನ, ಎಲಿ ಅಡಿಕಿ ಚೀಲ ಏನ?" ಎಂದು ಮುತ್ಯಾ ಅದನ್ನು ತಿರುವಿ ತಿರುವಿ ನೋಡಿದರು.

ಅದನ್ನು ಚಾರ್ಜಿಗೆ ಹಾಕಿ ನಾವೆಲ್ಲ ಸುತ್ತ ಕೂತೆವು, ಹಾಲು ಉಕ್ಕುವುದನ್ನು ಕಾಯುವವರ ಹಾಗೆ. ಕೆಂಪು ದೀಪ ಹಸಿರಾಯಿತು. ಮೊಮ್ಮಗಳು ಗುಂಡಿ ಒತ್ತಿ ಹಿಡಿದಳು, ನೀಲಿ ದೀಪ ಮಿಣುಕಿತು. ಫೋನಿನ ಬ್ಲೂಟೂತ್ ತೆಗೆದು ಹುಡುಕಿದಳು. ಯಾರ ಯಾರ ಮನೆಯ ಫೋನುಗಳ ಹೆಸರೆಲ್ಲ ಬಂದು ಕೊನೆಗೆ ಇದರ ಹೆಸರು ಬಂತು. ನಾಲ್ಕು ಸೊನ್ನೆ ಒತ್ತಿದಳು, ಜೋಡಿ ಆಯಿತು ಅಂದಳು. ಕಾಗದದ ಸುರುಳಿ ಹಾಕಿ ಮುಚ್ಚಳ ಒತ್ತಿದಳು. ಯಂತ್ರ ಕಿರ್ರೆಂದು ಚೀಟಿ ಹೊರಗೆ ಹಾಕಿತು.

ಬಿಳಿ ಚೀಟಿ. ಒಂದು ಅಕ್ಷರವಿಲ್ಲ.

"ಶಾಯಿ ತಂದೇ ಇಲ್ಲಲ್ಲ" ಅಂದ ನನ್ನ ಮಗ.

"ಅಪ್ಪಾ, ಇದಕ್ಕ ಶಾಯಿ ಬೇಕಿಲ್ಲ. ಒಳಗ ಕಾವು ಹತ್ತಿದ್ರ ಕಾಗದನೇ ಕರ್ರಗ ಆಗ್ತದ."

"ಹೌದೌದು. ಒಲಿ ಇಲ್ಲದ ಬೂದಿ ಆಗ್ತದ."

ಆಫ್ ಮಾಡಿ ಆನ್ ಮಾಡಿದಳು. ಜೋಡಿ ಬಿಡಿಸಿ ಮತ್ತೆ ಜೋಡಿ ಮಾಡಿದಳು. ನಾಲ್ಕು ಸಲವೂ ಬಿಳಿಯೇ ಬಂತು. ಪೆಟ್ಟಿಗೆಯಲ್ಲಿದ್ದ ಹಾಳೆಯಲ್ಲಿ ಇಂಗ್ಲಿಷ್ ಒಂದು ಕಡೆ, ಚೀನಾ ಅಕ್ಷರ ಇನ್ನೊಂದು ಕಡೆ. ಎರಡು ದಿನ ಬಿಟ್ಟರೆ ಮುನೀಮ ಬರುವವನಿದ್ದ. ಅವಳ ಕಣ್ಣಲ್ಲಿ ನೀರು ತುಂಬಿದ್ದು ನಾನು ನೋಡಿದೆ, ನೋಡದವಳ ಹಾಗೆ ಚಹಾ ಇಡಲು ಎದ್ದೆ.

ಮುತ್ಯಾ ಬಿಳಿ ಚೀಟಿಯೊಂದನ್ನು ಎತ್ತಿಕೊಂಡು, ಭತ್ತದ ಕಾಳು ನೋಡುವಂತೆ ಹೆಬ್ಬೆರಳಿನ ಉಗುರಿನಿಂದ ಗೀರಿದರು. ಏನೂ ಆಗಲಿಲ್ಲ. ತಿರುವಿ ಇನ್ನೊಂದು ಮೈ ಗೀರಿದರು. ಕರಿ ಗೆರೆ ಮೂಡಿತು, ಇದ್ದಿಲಲ್ಲಿ ಎಳೆದ ಹಾಗೆ.

"ಯವ್ವಾ, ಇಲ್ಲಿ ನೋಡು. ಈ ಮೈ ಸತ್ತದ, ಈ ಮೈಗಿ ಜೀವ ಅದ. ಸುರುಳಿ ಉಲ್ಟಾ ಹಾಕೀಯಲ್ಲ ನೀನು!"

ಕಣ್ಣು ಕಾಣದವರು ಉಗುರಿನಿಂದ ಕಂಡುಹಿಡಿದರು. ಸುರುಳಿ ತಿರುವಿ ಹಾಕಿದ ಕೂಡಲೇ ಅಕ್ಷರ ಬಂತು. ಬಂದದ್ದನ್ನು ನೋಡಿದರೆ ಅಂಕಿ ಸರಿಯಾಗಿತ್ತು, ಹೆಸರು ಇರಬೇಕಾದಲ್ಲಿ ಒಂದು ಸಾಲು ಪ್ರಶ್ನೆಯ ಗುರುತು. ಮುತ್ಯಾ ಕಣ್ಣಿಗೆ ಹಿಡಿದು ನೋಡಿ, "ಇದೇನು, ಕುಡಗೋಲು ಸಾಲಾಗಿ ಇಟ್ಟಂಗ?" ಅಂದರು.

"ಅದಕ್ಕ ಕನ್ನಡ ಬರಂಗಿಲ್ಲ ಮುತ್ಯಾ. ಇಂಗ್ಲಿಷ್‌ನಾಗ ಹಾಕಿದ್ರ ಬರ್ತದ."

"ಇಂಗ್ಲಿಷ್ ಹಾಕಿದ್ರ ನಿಮ್ಮ ಆಯಿ ಏನು ಓದ್ತಾಳ? ಚೀಲ ಹೊತ್ತಾಂವ ಏನು ಓದ್ತಾನ? ಬ್ಯಾಡ ಯವ್ವಾ. ಓದಾಕ ಬರಲಾರದ ಚೀಟಿ ಕೊಟ್ಟು ನಾ ಮಂದೀಗಿ ಏನು ಹೇಳಲಿ? ಬಾಯಿಲೆ ಕೂಗಿದ್ದೇ ಛಲೋ ಇತ್ತು."

ಮೊಮ್ಮಗಳು ಆ ದಿನ ಊಟಕ್ಕೇ ಏಳಲಿಲ್ಲ. ಕೊನೆಗೆ ಫೋನಿನಲ್ಲಿ ಚೀಟಿಯನ್ನು ಕನ್ನಡದಲ್ಲಿ ಬರೆದು, ಅದರ ಚಿತ್ರ ತೆಗೆದು, ಚಿತ್ರವನ್ನೇ ಯಂತ್ರಕ್ಕೆ ಕಳಿಸಬಹುದು ಎಂದು ಕಂಡುಕೊಂಡಳು. ಮೊದಲು ಅಕ್ಷರ ದೊಡ್ಡದಾಗಿ ಅಂಚಿನಲ್ಲಿ ಕತ್ತರಿಸಿ ಹೋಯಿತು. ಕಾಗದದ ಅಗಲ ಎಷ್ಟೆಂದು ಫೋನಿಗೆ ತಿಳಿಸಿದ ಮೇಲೆ ಸರಿಯಾಯಿತು. ಮೊದಲ ಚೀಲದ ಮುಂದೆ ಒಂದು ಅಂತ ಹಾಕದೆ ಲಾಭ ಅಂತ ಹಾಕಿದಳು. ಅದನ್ನು ನಾನು ಓದಿದೆ. ಯಾರೂ ಹೇಳಿಕೊಡದೆ, ಗಟ್ಟಿಯಾಗಿ, ಅಡುಗೆ ಮನೆಯ ಹೊಸ್ತಿಲ ಮೇಲೆ ನಿಂತು ಓದಿದೆ. ಮುತ್ಯಾ ತಲೆದೂಗಿದರು.

ಇನ್ನು ನನ್ನ ತಪ್ಪು ಹೇಳಬೇಕು. ಹೊಸ ವಸ್ತು ಮನೆಗೆ ಬಂದರೆ ಪೂಜೆ ಮಾಡದೆ ಹೇಗೆ ಬಿಡುವುದು? ಯಂತ್ರಕ್ಕೆ ಕುಂಕುಮ ಹಚ್ಚಿದೆ, ಹೂ ಇಟ್ಟೆ, ತಿಂಥಣಿಯ ಮೌನೇಶ್ವರನನ್ನು ನೆನೆದೆ, ಆ ಮೊದಲ ಚೀಟಿಯನ್ನು ತಟ್ಟೆಯಲ್ಲಿ ಇಟ್ಟು ಅದರ ಬದಿಗೇ ಕರ್ಪೂರ ಹಚ್ಚಿ ಬೆಳಗಿದೆ. ಒಂದು ಸುತ್ತು ಆಗಿರಲಿಲ್ಲ, ಚೀಟಿ ಅಂಚಿನಿಂದ ಕರ್ರಗಾಗುತ್ತಾ ಬಂದು ಪೂರ್ತಿ ಕಾಡಿಗೆಯಾಯಿತು. ಬೆಂಕಿ ಹತ್ತಿರಲಿಲ್ಲ, ಬರೇ ಕಾವು. ನಾನು ಹೆದರಿ ತಟ್ಟೆ ಕೆಳಗಿಟ್ಟೆ. ಅಪಶಕುನ ಅಂದುಕೊಂಡೆ.

ಮುತ್ಯಾ ನಕ್ಕದ್ದು ಓಣಿಗೆಲ್ಲ ಕೇಳಿಸಿತು. "ಹುಟ್ಟಿದ ದಿನಾನೇ ಕೂಸಿನ ಮಾರಿಗಿ ಮಸಿ ಬಳದ್ಯಲ್ಲ ತಂಗಿ! ದೃಷ್ಟಿ ಬೊಟ್ಟು ಅಂತ ತಿಳಕೋರಿ. ಯವ್ವಾ, ಇನ್ನೊಂದು ತೆಗಿ. ನಿಮ್ಮ ಆಯಿ ಕೈಗಿ ಕೊಡಬ್ಯಾಡ."

ಮುನೀಮ ಬಂದ ದಿನ ಮುತ್ಯಾ ಎಂದಿನಂತೆ ಚಪ್ಪಲಿ ಬಿಟ್ಟು ಕಾಟಾ ಹತ್ತಿದರು. ಮೊಮ್ಮಗಳು ಅಂಕಿ ನೋಡಿ ಫೋನಿಗೆ ಹಾಕಿದಳು, ಅವಳ ಸೊಂಟದ ಯಂತ್ರ ಕಿರ್ರೆಂದಿತು. ಚೀಟಿಯಲ್ಲಿ ಎರಡೇ ಸಾಲು. ಮುತ್ಯಾ, 52. ಅದನ್ನು ಹರಿದು ನನ್ನ ಕೈಗೆ ಕೊಟ್ಟು, "ಇದು ಕಾಟಾದ ಸಾಕ್ಷಿ, ಇಟ್ಟುಕೋ" ಅಂದರು ಮುತ್ಯಾ. ಅಲ್ಲಿಂದ ಚೀಲ ಶುರುವಾದವು. ಮೊಮ್ಮಗಳು ಅಂಕಿಯನ್ನು ಮೆಲ್ಲಗೆ ಅವರ ಕಿವಿಗೆ ಹೇಳುತ್ತಿದ್ದಳು, ಅವರು ಕಣಕ್ಕೆಲ್ಲ ಕೂಗುತ್ತಿದ್ದರು, ಕೂಗಿದ್ದನ್ನು ಅವಳು ಒತ್ತುತ್ತಿದ್ದಳು. ಅವಳ ಕಣ್ಣು, ಅವರ ಬಾಯಿ. ಮುನೀಮ ಪ್ರತಿ ಚೀಲಕ್ಕೂ ಬಗ್ಗಿ ಅಂಕಿ ನೋಡಿದ. ಕೊನೆಗೆ ಮೊಳದುದ್ದದ ಚೀಟಿ ಹೊರಗೆ ಬಂತು. ಮೇಲಿಂದ ಕೆಳಗೆ ಬೆರಳಿಟ್ಟು ಓದಿ, ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. "ಹೂಂ" ಅಂದ. ಅಷ್ಟೇ. ಕಾಟಾ ನಮ್ಮೂರಲ್ಲೇ ಉಳಿಯಿತು.

ಆಮೇಲೆ ಅದೇ ರೂಢಿಯಾಯಿತು. ತೂಕ ಇದ್ದ ದಿನ ಮೊದಲ ಚೀಟಿ ಮುತ್ಯಾನ ತೂಕದ್ದು, ಅದು ನನ್ನ ಕೈಗೆ. ನಾನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದು ಮನೆಯಲ್ಲಿ ಒಂದು ಹಳೆಯ ಬಿಸ್ಕೀಟಿನ ಡಬ್ಬಿಗೆ ಹಾಕುತ್ತಿದ್ದೆ. ಇಟ್ಟುಕೋ ಅಂದಿದ್ದರು, ಇಟ್ಟುಕೊಂಡೆ. ಮುಂಗಾರಿ ಭತ್ತ ಮುಗಿಯಿತು, ತೊಗರಿ ಬಂತು, ಮೆಣಸಿನಕಾಯಿ ಬಂತು, ಬೇಸಿಗೆಯ ಭತ್ತ ಬಂತು. ಕೂಗು ಮಾತ್ರ ಬದಲಾಗಲಿಲ್ಲ. ಕಾಟಾ ಇಳಿದ ಕೂಡಲೇ ಅಂಕಿ ಕೇಳದೆಯೇ "ಐವತ್ತೆರಡು, ಕಾಟಾ ಖರೇ ಅದ" ಅನ್ನುತ್ತಿದ್ದರು. ಅವರಿಗೆ ಅಂಕಿ ಕಾಣುತ್ತಿರಲಿಲ್ಲ. ಅಭ್ಯಾಸದ ಮೇಲೆ ಕೂಗುತ್ತಿದ್ದರು. ಮೊಮ್ಮಗಳು ಚೀಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹಾಕುತ್ತಿದ್ದಳು, ಹಿಂದಿನ ಸಲಕ್ಕಿಂತ ಒಂದೆರಡು ಕಿಲೋ ಹೆಚ್ಚುಕಡಿಮೆ ಅಂತ ಸುಮ್ಮನಿರುತ್ತಿದ್ದಳು. ನಾನು ಓದದೆ ಸೆರಗಿಗೆ ಕಟ್ಟುತ್ತಿದ್ದೆ.

ಒಂದು ದಿನ ಅವಳು ಸೂಜಿ ಹುಡುಕುತ್ತಾ ಆ ಡಬ್ಬಿ ತೆಗೆದಳು. ನಾನು ಒಳಗೆ ಹೋಗಿ ನೋಡಿದರೆ ಚೀಟಿಗಳನ್ನೆಲ್ಲ ನೆಲದ ಮೇಲೆ ಒಂದರ ಕೆಳಗೊಂದು ಜೋಡಿಸಿ ಕೂತಿದ್ದಳು.

"ಆಯಿ, ಓದು."

ನಾನು ಓದಿದೆ. ಐವತ್ತೆರಡು. ಐವತ್ತೆರಡು. ಐವತ್ತೊಂದೂವರೆ. ಐವತ್ತು. ನಲವತ್ತೊಂಬತ್ತು. ನಲವತ್ತೇಳೂವರೆ. ಕೊನೆಯದು ನಲವತ್ತೈದು. ಎದುರೆದುರೇ ನಿಂತು ಚೀಲ ಹೊಲಿದವಳು ನಾನು. ದಿನಾ ನೋಡುವ ಮುಖ ಕರಗುವುದು ಕಣ್ಣಿಗೆ ಕಾಣಿಸಿರಲಿಲ್ಲ. ಚೀಟಿಗೆ ಕಾಣಿಸಿತ್ತು.

ಮರುದಿನ ಕಣದಲ್ಲಿ, ಚೀಲ ಬರುವ ಮೊದಲು, ಮೊಮ್ಮಗಳು ಅವರಿಗೆ ಹೇಳಿದಳು. ಮುತ್ಯಾ ಒಪ್ಪಲಿಲ್ಲ.

"ಕಾಟಾ ಕೆಟ್ಟದ. ನಾ ಐವತ್ತೆರಡು."

"ಕಾಟಾ ಕೆಟ್ಟಿಲ್ಲ ಮುತ್ಯಾ."

"ನಾ ಹೇಳಾಕತ್ತೀನಲ್ಲ, ಕೆಟ್ಟದ. ಮೂವತ್ತು ವರ್ಷ ಆತು, ನನ್ನ ತೂಕ ನನಗ ಗೊತ್ತಿಲ್ಲೇನು?"

ಅವಳು ಅವರ ಚೀಲದಿಂದ ಸರಕಾರಿ ಮುದ್ರೆಯ ಕಲ್ಲನ್ನು ಎರಡೂ ಕೈಯಿಂದ ಎತ್ತಿ ಹಲಗೆಯ ಮೇಲೆ ಇಟ್ಟಳು. ಯಂತ್ರ ಕಿರ್ರೆಂದಿತು. ಚೀಟಿ ಅವರ ಕೈಗೆ ಕೊಟ್ಟಳು. ಇಷ್ಟು ದೊಡ್ಡ ಅಂಕಿಯಲ್ಲಿ ಇಪ್ಪತ್ತು ಎಂದು ಬಂದಿತ್ತು. ಮುತ್ಯಾ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದರು. ಆಮೇಲೆ ಬಗ್ಗಿ ಕಲ್ಲನ್ನು ಮುಟ್ಟಿ ನೋಡಿದರು, ಮುದ್ರೆಯ ಮೇಲೆ ಉಗುರು ಆಡಿಸಿದರು.

"ಕಾಟಾ ಖರೇ ಅದ" ಅಂದರು. ಕಲ್ಲಿನಿಂದ ಕೈ ತೆಗೆದು, "ನಾನೇ ಸುಳ್ಳ ಆಗೀನಿ" ಅಂದರು.

ಆವತ್ತೂ ತೂಕ ನಿಲ್ಲಲಿಲ್ಲ. ಅವರು "ನಲವತ್ತೈದು, ಕಾಟಾ ಖರೇ ಅದ, ತರ್ರಿ ಚೀಲ" ಎಂದು ಕೂಗಿದರು. ಹಮಾಲರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಚೇಷ್ಟೆ ಮಾಡಲಿಲ್ಲ.

ಶಹಾಪುರದ ದವಾಖಾನೆ ಆಯಿತು, ಅಲ್ಲಿಂದ ಕಲಬುರಗಿಗೆ ಹೋಗಿ ಬಂದರು. ಹೊಟ್ಟೆಯಲ್ಲಿ ಗಂಟು ಎಂದರು, ಮೊದಲೇ ಬಂದಿದ್ದರೆ ಎಂದರು. ಹಾಸಿಗೆ ಹಿಡಿದ ಮೇಲೆ ಅವರ ಮಾತು ತೂಕದ ಬಗ್ಗೆಯೇ. ನಾನು ಗಂಜಿ ಹಿಡಿದು ಹೋದ ದಿನ ಮೊಮ್ಮಗಳನ್ನು ಹತ್ತಿರ ಕರೆದು ಹೇಳಿದ್ದು ನನಗೆ ಹಾಗೆಯೇ ನೆನಪಿದೆ.

"ಯವ್ವಾ, ಕಾಟಾ ನಿನ್ನ ಮನಿಗಿ ಒಯ್ಯಬ್ಯಾಡ ಈಗ. ಮಂದಿ ಮಾತಾಡ್ತಾರ, ಹೆಣ್ಣ ಹುಡುಗಿ ಅಂತಾರ. ಸರಕಾರದ ಕಾಗದ ಮಾಡಿಸ್ಕೊಂಡು ಬಾ, ಆವಾಗ ಒಯ್ಯಿ. ಕುಂಡ್ರೂಕಿಂತ ಮೊದಲ ನೀ ಅದರ ಮ್ಯಾಲ ನಿಲ್ಲು. ಎಷ್ಟಿದ್ದೀ ಅಷ್ಟೇ ಕೂಗು. ಮೊನ್ನೆ ಎಷ್ಟಿದ್ದೆ ಅಂತ ಕೂಗಬ್ಯಾಡ. ಆ ತಪ್ಪು ನಾ ಮಾಡೀನಿ."

ಮುಂದಿನ ಮುಂಗಾರಿ ಭತ್ತ ತೆನೆ ಹಾಯುವ ಹೊತ್ತಿಗೆ ಅವರು ಹೋದರು. ನಾಲ್ಕು ಮಂದಿ ಹಮಾಲರು ಹೆಗಲು ಕೊಟ್ಟರು. ಜೀವನವೆಲ್ಲ ಚೀಲ ಹೊತ್ತ ಹೆಗಲು. ಒಬ್ಬನು ಅತ್ತುಬಿಟ್ಟ, ಏನೂ ಭಾರ ಇಲ್ಲವಲ್ಲ ಎಂದು.

ಆ ಮೇಲೆ ಎರಡು ಸುಗ್ಗಿ ಕೊಳ್ಳುವವರ ಕಾಟಾವೇ ಬಂತು, ಅವರ ಮನುಷ್ಯನೇ ತೂಗಿದ. ಚೀಟಿ ಕೇಳಿದರೆ "ಬಾಯಿ ಮಾತು ಸಾಲಂಗಿಲ್ಲೇನು?" ಅನ್ನುತ್ತಿದ್ದ. ಚೀಟಿಯ ರುಚಿ ನೋಡಿದ್ದ ರೈತರಿಗೆ ಸಾಲಲಿಲ್ಲ. ನಮ್ಮ ಮನೆಯ ಕಟ್ಟೆಗೆ ಬಂದು ಕೂತು, "ಅಕ್ಕಾ, ನಿನ್ನ ಮೊಮ್ಮಗಳು ಎಂದು ಕುಂಡ್ರತಾಳ?" ಎಂದು ಕೇಳುವವರು ಹೆಚ್ಚಿದರು. ಅವಳು ಅರ್ಜಿ ಹಾಕಿದಳು, ಯಾದಗಿರಿಗೆ ಓಡಾಡಿದಳು. ಕಾಗದದ ಕೆಲಸ, ಹೊತ್ತು ಹಿಡಿಯಿತು.

ನಿನ್ನೆ ಆ ಕಾಗದ ಬಂತು. ಫೋನು ಬಂದ ಮೇಲೆ, ಊರೆಲ್ಲ ಹೇಳಿ ಮುಗಿದ ಮೇಲೆ, ನಾನು ಡಬ್ಬಿ ತೆಗೆದೆ. ಚೀಟಿಗಳೆಲ್ಲ ಬಿಳಿಯಾಗಿದ್ದವು. ಈ ಕಾಗದದ ಬರಹ ನಿಲ್ಲುವುದಿಲ್ಲವಂತೆ, ಬೆವರು ಎಣ್ಣೆ ತಾಗಿದರೆ ಇನ್ನೂ ಬೇಗ ಹೋಗುತ್ತದಂತೆ. ನನ್ನ ಸೆರಗಿನಲ್ಲಿ ಎರಡಕ್ಕೂ ಕೊರತೆಯಿಲ್ಲ. ಯಾವುದು ಮೊದಲಿನದು, ಯಾವುದು ಕೊನೆಯದು ತಿಳಿಯಲಿಲ್ಲ. ಒಂದನ್ನು ಎತ್ತಿಕೊಂಡು ಹೆಬ್ಬೆರಳಿನ ಉಗುರಿನಿಂದ ಗೀರಿದೆ. ತೆಳ್ಳಗೆ ಕರಿ ಗೆರೆ ಬಂತು. ಇನ್ನೂ ಜೀವ ಇತ್ತು. ಚೀಲದ ಮೇಲೆ ಅವರು ಹುರಮಂಜಿನಲ್ಲಿ ಬರೆಯುತ್ತಿದ್ದ ರೀತಿಯಲ್ಲೇ ಐದು ಬರೆದೆ, ಪಕ್ಕದಲ್ಲಿ ಎರಡು ಬರೆದೆ.

ಇಳಿಹೊತ್ತಿಗೆ ಮೊಮ್ಮಗಳು ಬಂದಳು. ಮನೆಗೆ ಬರುವ ಮೊದಲು ಮುತ್ಯಾನ ಮನೆಗೆ ಹೋಗಿ ಕಾಗದ ತೋರಿಸಿದ್ದಳು. ಮುತ್ಯಾನ ಹೆಂಡತಿ, ನನಗೆ ವೈನಿ, ಮಗ್ಗಲಲ್ಲಿ ನಿಂತು ಕಾಟಾವನ್ನು ಕೈಗಾಡಿಯ ಮೇಲೆ ಏರಿಸಿ ಕಳಿಸಿದ್ದರು, ಹಿಂದೆ ತಾವೂ ನಡೆದು ಬಂದಿದ್ದರು. ನಮ್ಮ ಅಂಗಳದಲ್ಲಿ ಅದನ್ನು ಇಳಿಸಿ ನೆಲ ಸಮ ಮಾಡಿದೆವು. ನಾನು ಆರತಿ ತಟ್ಟೆ ತಂದೆ. ಮೊಮ್ಮಗಳು ಯಂತ್ರವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. "ಆಯಿ, ಕಾಟಾಕ್ಕ ಬೆಳಗು. ಇದಕ್ಕ ಬ್ಯಾಡ."

ಚಪ್ಪಲಿ ಬಿಟ್ಟು ಕಾಟಾ ಹತ್ತಿ ನಿಂತಳು. ಅಂಕಿ ಕುಣಿದು ನಿಂತಿತು. ಚೀಟಿ ಕಿರ್ರೆಂದು ಬಂತು. "ನಲವತ್ನಾಲ್ಕು! ಕಾಟಾ ಖರೇ ಅದ!" ಎಂದು ಕೂಗಿದಳು. ಅವಳ ಕೂಗು ಇನ್ನೂ ಸಣ್ಣದು, ಕಣಕ್ಕೆ ಸಾಲುವುದಿಲ್ಲ. ಕಲಿಯುತ್ತಾಳೆ. ಚೀಟಿ ನನ್ನ ಕೈಗೆ ಕೊಟ್ಟಳು. ನಾನು ಸೆರಗಿಗೆ ಕಟ್ಟಲಿಲ್ಲ, ದೇವರ ಮಾಡದಲ್ಲಿ ಇಟ್ಟೆ, ದೀಪದಿಂದ ದೂರ.

ಸಂಜೆ ಎಲ್ಲರೂ ಒಂದೇ ಸಾಲಿಗೆ ಊಟಕ್ಕೆ ಕೂತೆವು. ಮಗ, ಸೊಸೆ, ಮೊಮ್ಮಕ್ಕಳು, ನಡುವೆ ವೈನಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, 'ಇವತ್ತರೆ ಮಾಡ್ರಿ ಅತ್ತಿ' ಎಂದು ಸೊಸೆ ಹಟ ಹಿಡಿದು ನನ್ನ ಕೈಯಿಂದ ಮಾಡಿಸಿದ ಹೋಳಿಗೆ, ಕಾಲುವೆ ಭತ್ತದ ಅನ್ನ. ಮೊಮ್ಮಗಳು ಎರಡು ರೊಟ್ಟಿ ತಿಂದು ಸಾಕು ಅಂದಳು. ನಾನು ಮೂರನೆಯದನ್ನು ತುಪ್ಪ ಸವರಿ ಅವಳ ತಾಟಿಗೆ ಹಾಕಿದೆ.

"ಆಯಿ, ಹೆಚ್ಚಾತು. ನಾಳಿ ಕಾಟಾ ಕೆಡ್ತದ" ಅಂದಳು.

"ಕೆಡಂಗಿಲ್ಲ" ಅಂದರು ವೈನಿ, ತಮ್ಮ ತಾಟಿನ ಹೋಳಿಗೆಯನ್ನೂ ಮುರಿದು ಅವಳಿಗೆ ಹಾಕುತ್ತಾ. "ಎಷ್ಟಾದೀ ಅಷ್ಟೇ ಕೂಗು. ಉಣ್ಣು."